ಕಿಟಕಿ ಕೆಳಗಿನ ಸುವರ್ಣಗಡ್ಡೆ

ಹೊಳೆ ದಂಡೆಯ ಮಠವೊಂದರಲ್ಲಿ ಪರ್ವತಯ್ಯ ಎಂಬ ಶಿಷ್ಯನಿದ್ದ. ಓದಿನಲ್ಲಿ ಚುರುಕು, ಮಡಿಯಲ್ಲಿ ಚುರುಕು, ಮೂಗಂತೂ ಎಲ್ಲಕ್ಕಿಂತ ಚುರುಕು.

ಅವನಿಗಿದ್ದ ಆಸೆ ಒಂದೇ. ಚಾವಡಿಯಲ್ಲಿ ಗುರುಗಳ ಪಕ್ಕ ಕೂತು ಜನಕ್ಕೆ ಪ್ರವಚನ ಹೇಳಬೇಕು. ಕೇಳಿ ಕೇಳಿ ಬಾಯಿ ನೋಯಿಸಿಕೊಂಡಿದ್ದ. ಗುರುಗಳು ಪ್ರತಿ ಸಲವೂ "ಆಗಲಿ, ನೋಡೋಣ" ಅನ್ನುತ್ತಿದ್ದರು. ಆ "ನೋಡೋಣ" ವರ್ಷಗಟ್ಟಲೆ ಎಳೆಯಿತು.

ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ ಒಂದು ದಿನ ಗುರುಗಳು ತಾವಾಗಿಯೇ ಅಂದರು: "ಈ ಸೋಮವಾರ ನೀನೇ ಹೇಳು."

ಪರ್ವತಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಬೆಳಗ್ಗೆ ಕಸ ಗುಡಿಸೋಣವೆಂದು ಚಾವಡಿಗೆ ಬಂದರೆ, ಥೂ, ಗಬ್ಬು ನಾತ!

ಇಲಿ ಸತ್ತಿದೆ ಅಂದುಕೊಂಡ. ಜಮಖಾನ ಎತ್ತಿ ಒದರಿದ. ಪೆಟ್ಟಿಗೆಗಳನ್ನು ಸರಿಸಿದ. ಅಟ್ಟ ಹತ್ತಿ ಹೆಂಚಿನ ಸಂದಿಯಲ್ಲೆಲ್ಲ ಕೋಲಾಡಿಸಿ ತಲೆ ತುಂಬ ಜೇಡರಬಲೆ ಮಾಡಿಕೊಂಡ. ಇಲಿಯೂ ಇಲ್ಲ, ಹೆಗ್ಗಣವೂ ಇಲ್ಲ. ಗಂಜಲ ಚಿಮುಕಿಸಿದ. ಸಾಂಬ್ರಾಣಿ ಹಾಕಿದ. ನಾತಕ್ಕೆ ಹೊಗೆಯೂ ಸೇರಿ ಅವನಿಗೇ ಕೆಮ್ಮು ಬಂತು.

ಉಸಿರು ಕಟ್ಟಿ ಕಿಟಕಿ ತೆಗೆದಾಗ ಗೊತ್ತಾಯಿತು. ಕಿಟಕಿಯ ಕೆಳಗೇ ಸುವರ್ಣಗಡ್ಡೆ ಹೂ ಬಿಟ್ಟಿತ್ತು.

ಗುರುಗಳು ಎಂದೋ ನೆಟ್ಟು, ಅಡುಗೆಗೆ ಅಗೆಯಕೂಡದು ಎಂದು ಕಟ್ಟಪ್ಪಣೆ ಮಾಡಿದ್ದ ಗಡ್ಡೆ. ಎಲೆಯಿಲ್ಲ, ಕಾಂಡವಿಲ್ಲ. ಮೊರದಗಲದ ಕಂದುಗೆಂಪು ಹೂ ನೆಲದಿಂದಲೇ ಎದ್ದು ನೆರಿಗೆ ಬಿಚ್ಚಿ ಕೂತಿತ್ತು, ಮೇಲೆ ನೊಣಗಳ ಸಂತೆ. ಪಕ್ಕದಲ್ಲಿ ಇನ್ನೆರಡು ಮೊಗ್ಗು. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಮಠದ ಕೆಲಸವೆಂದು ಪರವೂರಿನಲ್ಲಿರುತ್ತಿದ್ದ ಪರ್ವತಯ್ಯ ಈ ಹೂವನ್ನು ಕಂಡದ್ದು ಇದೇ ಮೊದಲು.

ಸೀದಾ ಗುರುಗಳ ಹತ್ತಿರ ಓಡಿದ.

"ಬುದ್ಧಿ, ಕಿಟಕಿ ಕೆಳಗೆ ಅದೇನದು?"

"ಹೂವು."

"ಹೂವೇ! ಹೆಣ ನಾರಿದ ಹಾಗೆ ನಾರುತ್ತಿದೆ!"

"ಹಾಗಾದರೆ ಚೆನ್ನಾಗಿ ಅರಳಿದೆ."

"ಕಿತ್ತು ಹಿತ್ತಿಲಲ್ಲಿ ನೆಡಲೇ?"

"ಬೇಡ."

"ಮೇಲೊಂದು ಬುಟ್ಟಿಯಾದರೂ ಕವುಚಲೇ?"

"ಬೇಡ."

"ನಾಳೆ ಚಾವಡಿ ಬಿಟ್ಟು ಆಲದ ಮರದ ಕೆಳಗೆ ಕೂರೋಣವೇ?"

"ಬೇಡ. ಅದರ ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕು."

ಪರ್ವತಯ್ಯನಿಗೆ ಪಿತ್ತ ನೆತ್ತಿಗೇರಿತು. "ಲೋಕದಲ್ಲಿ ಮಲ್ಲಿಗೆ ಇಲ್ಲವೇ ಬುದ್ಧಿ? ಸಂಪಿಗೆ ಇಲ್ಲವೇ? ಇಂಥದ್ದನ್ನು ಯಾರಾದರೂ ಕೂರುವ ಜಾಗದಲ್ಲಿ ಬೆಳೆಸುತ್ತಾರೆಯೇ?"

"ಮಲ್ಲಿಗೆ ಬೆಳೆಸುವವರು ಊರ ತುಂಬ ಇದ್ದಾರೆ."

"ನನ್ನ ಮಾತು ಕೇಳಲು ಬಂದವರು ಮೂಗು ಮುಚ್ಚಿಕೊಂಡು ಕೂರಬೇಕೇ?"

"ಕಿವಿ ಮುಚ್ಚಿಕೊಳ್ಳದಿದ್ದರೆ ಸಾಕು."

ಪರ್ವತಯ್ಯ ಹಣೆ ಚಚ್ಚಿಕೊಂಡ. ಈ ಗುರುಗಳ ಹತ್ತಿರ ಮಾತಾಡುವ ಬದಲು ಗೋಡೆಯ ಹತ್ತಿರ ಮಾತಾಡಬಹುದು, ಗೋಡೆ ಎದುರುತ್ತರವನ್ನಾದರೂ ಕೊಡುವುದಿಲ್ಲ. ಹೀಗೆ ಗೊಣಗುತ್ತಲೇ ಗೊಬ್ಬರ ತರಲು ಕೊಟ್ಟಿಗೆಗೆ ಹೋದ.

ಕೊಟ್ಟಿಗೆಯ ಹಿಂದೆ ಒಂದು ಕಲ್ಲಿತ್ತು. ಹೊಳೆಯಾಚೆಯ ಹಳ್ಳಿಯ ಮುದುಕಿ ದೊಡ್ಡತಾಯಮ್ಮ ಪ್ರತಿ ಸೋಮವಾರ ಬಂದು ಆ ಕಲ್ಲಿನ ಮೇಲೇ ಕೂರುತ್ತಿದ್ದಳು. ಅಷ್ಟು ದೂರಕ್ಕೆ ಗುರುಗಳ ಮಾತು ಎಷ್ಟು ಕೇಳಿಸಿತೋ ಅಷ್ಟು ಕೇಳಿಕೊಂಡು ಎದ್ದು ಹೋಗುತ್ತಿದ್ದಳು. ಒಳಗೆ ಬನ್ನಿ ಅಮ್ಮ ಎಂದು ಪರ್ವತಯ್ಯ ಎಷ್ಟೋ ಸಲ ಕರೆದಿದ್ದ. "ಇಲ್ಲೇ ಹಾಯಾಗಿದೆ ಕಣಪ್ಪ" ಅನ್ನುತ್ತಿದ್ದಳು. ಹಸುಗಳೆಂದರೆ ಪ್ರೀತಿ ಇರಬೇಕು ಅಂದುಕೊಂಡು ಅವನು ಸುಮ್ಮನಾಗಿದ್ದ.

ನಾಳೆಯಾದರೂ ಆ ಮುದುಕಿಯನ್ನು ಒಳಗೆ ಕೂರಿಸಬೇಕು ಅಂದುಕೊಂಡಿದ್ದ. ಈ ನಾತದೊಳಕ್ಕೆ ಯಾವ ಮುಖ ಹೊತ್ತು ಕರೆಯುವುದು?

ಸೋಮವಾರ ಬೆಳಗ್ಗೆ ಗುರುಗಳು ಯಾರಿಗೋ ಮದ್ದು ಕೊಡಲು ಪಕ್ಕದ ಹಳ್ಳಿಗೆ ಹೋದದ್ದೇ ತಡ, ಪರ್ವತಯ್ಯ ಕುಡುಗೋಲು ಹಿಡಿದು ಕಿಟಕಿಯ ಕೆಳಗೆ ಬಂದ. ಹೂವನ್ನು ಕೊಯ್ದ. ಮೊಗ್ಗುಗಳನ್ನೂ ಬಿಡಲಿಲ್ಲ. ಗೋಣಿಚೀಲಕ್ಕೆ ತುಂಬಿ ದೂರ ಒಯ್ದು ಹೂತು ಬಂದ. ಚಾವಡಿ ತೊಳೆದ, ತಾನೂ ಸ್ನಾನ ಮಾಡಿದ, ಒಂದು ಹಿಡಿ ಊದುಕಡ್ಡಿ ಹಚ್ಚಿಟ್ಟ. ಗುರುಗಳು ಬಂದು ಬೈದರೆ ಬೈಸಿಕೊಂಡರಾಯಿತು.

ಜನ ಬಂದರು. ಚಾವಡಿ ತುಂಬಿತು.

ದೊಡ್ಡತಾಯಮ್ಮನೂ ಬಂದಳು. ಕಲ್ಲಿನ ಹತ್ತಿರಕ್ಕಲ್ಲ, ಒಳಕ್ಕೇ! ತಲೆ ಬಾಚಿ, ಒಗೆದ ಸೀರೆ ಉಟ್ಟು, ನಗುನಗುತ್ತ ಬಂದು ಎಲ್ಲರ ಮುಂದೆ ಕೂತಳು. ಪರ್ವತಯ್ಯನ ಎದೆ ಉಬ್ಬಿತು. ನಾತ ಹೋದದ್ದೇ ಮುದುಕಿಯೂ ಒಳಗೆ ಬಂದಳಲ್ಲ, ಇದನ್ನು ಗುರುಗಳು ನೋಡಬೇಕಿತ್ತು ಅಂದುಕೊಂಡ.

ಎಲ್ಲ ಜೀವದಲ್ಲೂ ದೇವರಿದ್ದಾನೆ ಎಂದು ಮಾತು ಶುರುಮಾಡಿದ. ಚೆನ್ನಾಗಿಯೇ ಹೇಳಿದ. ಜನ ತಲೆದೂಗಿದರು. ಅಷ್ಟು ಹೊತ್ತಿಗೆ ಗುರುಗಳೂ ಬಂದು ಹಿಂದಿನ ಕಂಬಕ್ಕೆ ಒರಗಿ ಕೂತರು.

ಊದುಕಡ್ಡಿ ಉರಿದು ಮುಗಿಯಿತು.

ಸ್ವಲ್ಪ ಹೊತ್ತಿಗೆ ಅಲ್ಲೊಬ್ಬರು ಇಲ್ಲೊಬ್ಬರು ಮೂಗಿಗೆ ಸೆರಗು ಹಿಡಿದರು. ಗುಸುಗುಸು ಎದ್ದಿತು. ಪರ್ವತಯ್ಯನ ಮೂಗಿಗೂ ನಾತ ಬಡಿಯಿತು. ಅಯ್ಯೋ, ಆ ಹಾಳು ಹೂವು ಇನ್ನೂ ಎಲ್ಲಿ ಉಳಿದಿದೆ? ಕೊಯ್ಯುವಾಗ ಬಿದ್ದ ಚೂರನ್ನು ಯಾರೋ ತುಳಿದುಕೊಂಡು ಬಂದಿರಬೇಕು.

ರೋಸಿಹೋಗಿ ಮಾತು ನಿಲ್ಲಿಸಿದ.

"ಯಾರೋ ಹೊಲಸು ತುಳಿದುಕೊಂಡು ಬಂದಿದ್ದೀರಿ. ಎಲ್ಲರೂ ಒಂದು ಸಲ ನಿಮ್ಮ ನಿಮ್ಮ ಕಾಲು ನೋಡಿಕೊಳ್ಳಿ."

ಎಲ್ಲರೂ ಪಾದ ಎತ್ತಿ ನೋಡಿಕೊಂಡರು. "ನಂದಲ್ಲಪ್ಪ" ಅಂದರು ಒಬ್ಬರು. "ನಂದೂ ಅಲ್ಲ" ಅಂದರು ಇನ್ನೊಬ್ಬರು.

ದೊಡ್ಡತಾಯಮ್ಮ ಮಾತ್ರ ನೋಡಿಕೊಳ್ಳಲಿಲ್ಲ. ಸೀರೆಯ ಅಂಚನ್ನು ಪಾದದ ಮೇಲಕ್ಕೆ ಎಳೆದುಕೊಂಡಳು. ಅಷ್ಟರಲ್ಲೇ ಕಾಲಿಗೆ ಸುತ್ತಿದ್ದ ಬಟ್ಟೆ ಪರ್ವತಯ್ಯನ ಕಣ್ಣಿಗೆ ಬಿತ್ತು. ಬಟ್ಟೆ ಒದ್ದೆಯಾಗಿತ್ತು.

ಅವಳು ನೆಲಕ್ಕೆ ಕೈಯೂರಿ ಎದ್ದಳು. ಯಾರ ಮುಖವನ್ನೂ ನೋಡದೆ ಗೋಡೆ ಹಿಡಿದುಕೊಂಡು ಹೊರಗೆ ಹೋದಳು.

ಪರ್ವತಯ್ಯ ಪ್ರವಚನವನ್ನು ಅಲ್ಲಿಗೇ ಬಿಟ್ಟ. ಎದ್ದು ಅವಳ ಹಿಂದೆ ಓಡಿದ. ದೊಡ್ಡತಾಯಮ್ಮ ಕೊಟ್ಟಿಗೆಯ ಹಿಂದಿನ ಕಲ್ಲಿನ ಮೇಲೆ ಕೂತಿದ್ದಳು.

"ಅಮ್ಮ..."

"ಹೂವು ಬಿಟ್ಟಿದೆ ಅಂತ ಬುದ್ಧಿಯೋರು ಹೇಳಿಕಳಿಸಿದ್ರು, ಅದಕ್ಕೇ ಒಳಗೆ ಬಂದೆ ಕಣಪ್ಪ," ಅಂದಳು ಅವಳು. "ಕಾಲಿನ ಈ ಹುಣ್ಣು ಪೂರ್ತಿ ವಾಸಿಯಾಗೋದಿಲ್ಲ. ಅವರೂ ಮದ್ದು ಕೊಡ್ತಾನೇ ಇದಾರೆ, ಒಂದಷ್ಟು ದಿನ ಒಣಗ್ತದೆ, ಮತ್ತೆ ಒಡೀತದೆ. ಮಿಕ್ಕ ದಿನ ಇಲ್ಲಿ ಕೂತರೆ ಸಗಣಿ ವಾಸನೇಲಿ ನಂದು ಗೊತ್ತಾಗಲ್ಲ. ಹೂವು ಬಿಟ್ಟಾಗ ಒಳಗೆ ಎಲ್ಲರ ಜೊತೇಲಿ ಕೂತ್ಕೋತೀನಿ. ಯಾರೂ ನನ್ನ ಕಡೆ ತಿರುಗಿ ನೋಡಲ್ಲ, ಹೂವನ್ನ ಬೈಕೋತಾರೆ."

ಪರ್ವತಯ್ಯ ಕಲ್ಲಿನ ಪಕ್ಕ ಕುಕ್ಕರಿಸಿದ.

"ನೀನು ಹೋಗಿ ಹೇಳಪ್ಪ, ಚೆಂದಾಗಿ ಹೇಳ್ತಿದ್ದೆ," ಅಂದಳು ಮುದುಕಿ.

ನಾಚಿಕೆಯಿಂದ ಅವನಿಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ಗುರುಗಳು ಚಾವಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಅವರ ಮುಂದೆ ಹೋಗಿ ನಿಂತ.

"ಮೊದಲೇ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಬುದ್ಧಿ?"

"ಏನಂತ ಹೇಳಲೋ? ದೊಡ್ಡತಾಯಮ್ಮನ ಕಾಲು ನಾರುತ್ತದೆ, ಅದಕ್ಕೇ ಹೂ ಬೆಳೆಸಿದ್ದೇನೆ ಅಂತಲೇ?" ಗುರುಗಳ ದನಿಯೂ ಏರಿತು. "ಹಾಗೆ ಹೇಳಿದ ಮೇಲೆ ಹೂವು ಯಾತಕ್ಕೆ? ಬೇಡ ಬೇಡ ಅಂತ ಬಾಯಿ ಬಡಿದುಕೊಂಡೆನಲ್ಲ. ಕಾರಣ ಗೊತ್ತಾಗದಿದ್ದರೆ ನಿನ್ನ ಕೈ ಸುಮ್ಮನಿರುವುದಿಲ್ಲವೇ?"

ಪರ್ವತಯ್ಯ ತಲೆ ತಗ್ಗಿಸಿದ.

"ತಪ್ಪಾಯಿತು ಬುದ್ಧಿ. ಮೊಗ್ಗುಗಳನ್ನೂ ಕೊಯ್ದುಬಿಟ್ಟೆ. ಇನ್ನು ಈ ವರ್ಷ ಹೂವಿಲ್ಲ. ಆಕೆ ಒಳಗೆ ಬರುವುದು ಹೇಗೆ? ಏನು ಮಾಡಲಿ, ಹೇಳಿ."

"ಉಳಿದ ಪ್ರವಚನ ನಾನು ಹೇಳಿಕೊಳ್ಳುತ್ತೇನೆ. ನೀನು ಗೊಬ್ಬರದ ಗುಂಡಿಗೆ ಮಂಡಿಯವರೆಗೆ ಇಳಿದು ಗೊಬ್ಬರ ಬಾಚು. ಮೈಕೈ ತೊಳೆಯಬೇಡ. ಹಾಗೇ ಬಂದು ಆಕೆಯನ್ನು ಕರೆದುಕೊಂಡು ಒಳಗೆ ಹೋಗಿ ಪಕ್ಕದಲ್ಲೇ ಕೂತುಕೋ."

"ಇವತ್ತೇ?"

"ಇವತ್ತೂ, ಪ್ರತಿ ಸೋಮವಾರವೂ. ಗಡ್ಡೆ ಮತ್ತೆ ಹೂ ಬಿಡುವವರೆಗೆ."

ಪರ್ವತಯ್ಯ ತಾನು ಉಟ್ಟ ಮಡಿಪಂಚೆಯನ್ನು ನೋಡಿಕೊಂಡ. ತುಂಬಿದ ಚಾವಡಿಯನ್ನು ನೋಡಿದ.

"ಜನ ಏನಂದುಕೊಳ್ಳುತ್ತಾರೆ ಬುದ್ಧಿ? ಪರ್ವತಯ್ಯನ ಮೈಯೇ ನಾರುತ್ತದೆ ಅನ್ನುವುದಿಲ್ಲವೇ?"

"ಇಷ್ಟು ವರ್ಷ ಆ ಹೂವನ್ನೂ ಹಾಗೇ ಅಂದರು," ಅಂದರು ಗುರುಗಳು. "ಅದು ಒಂದು ದಿನವೂ ನನ್ನ ಹತ್ತಿರ ದೂರು ತರಲಿಲ್ಲ."