ಫಕೀರವ್ವನ ಪಾಯಖಾನೆ ಗುಂಡಿ

ಫಕೀರವ್ವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತುಂಬು ಬಸುರಿ ತಂಬಿಗೆ ಹಿಡಿದು ಹೊಲಕ್ಕೆ ನಡೆಯುವುದು ಬೇಡವೆಂದು ಫಕೀರವ್ವ ಹಿತ್ತಲಲ್ಲಿ ಪಾಯಖಾನೆ ಕಟ್ಟಿಸಲು ಹೊರಟಳು. ಊರ ಪಕ್ಕ ಹಳೆಯ ಗುಡಿಯೊಂದಿತ್ತು. ಹೀಗಾಗಿ ಗುಂಡಿ ತೋಡುವಾಗ ಪುರಾತತ್ವ ಇಲಾಖೆಯವರು ಎದುರಿಗಿರಬೇಕೆಂಬುದು ನಿಯಮ.

ಅಧಿಕಾರಿ ವಾದಿರಾಜರು ಜೀಪಿನಲ್ಲಿ ಬಂದು ಛತ್ರಿಯ ಕೆಳಗೆ ಕುರ್ಚಿ ಹಾಕಿಸಿಕೊಂಡರು. ಗುಂಡಿ ಮೊಣಕಾಲುದ್ದ ಆಗುವಷ್ಟರಲ್ಲಿ ಮಡಕೆ ಚೂರೊಂದು ಸಿಕ್ಕಿತು.

“ನಿಲ್ಲಿಸಿ! ಇದು ಸಾವಿರ ವರ್ಷ ಹಳೆಯದು. ಮೇಲಿನವರು ಬಂದು ನೋಡುವತನಕ ಯಾರೂ ಮಣ್ಣು ಮುಟ್ಟುವಂತಿಲ್ಲ. ನಾನೂ ಇಲ್ಲಿಂದ ಕದಲುವುದಿಲ್ಲ.”

“ಅವರು ಯಾವಾಗ ಬರ್ತಾರ್ರಿ?”

“ಬಿಡುವಾದಾಗ.”

ಫಕೀರವ್ವ ಒಳಗೆ ಹೋಗಿ ಒಲೆ ಹಚ್ಚಿದಳು. ಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿ ಅರೆದ ಖಾರದ ಚಟ್ನಿ ರಂಜಕ, ಮೇಲೆ ತಂಬಿಗೆಗಟ್ಟಲೆ ಮಜ್ಜಿಗೆ. ಇನ್ನೊಬ್ಬರ ಮನೆಯ ಊಟವನ್ನು ಬೇಡವೆನ್ನಲು ಯಾವ ಇಲಾಖೆಯಲ್ಲೂ ನಿಯಮವಿಲ್ಲ. ವಾದಿರಾಜರು ಮತ್ತೆ ಮತ್ತೆ ಬಡಿಸಿಕೊಂಡರು.

ಸ್ವಲ್ಪ ಹೊತ್ತಿಗೆ ಅವರ ಹೊಟ್ಟೆ ಗುಡುಗಿತು.

“ಏನಮ್ಮಾ, ಪಾಯಖಾನೆ ಎಲ್ಲಿದೆ?”

“ನಿಮ್ಮ ಕಾಲ ಬುಡದಾಗ ಆಗಬೇಕಿತ್ರಿ.”

“ಮತ್ತೆ ನೀವೆಲ್ಲ ಎಲ್ಲಿ ಹೋಗ್ತೀರಿ?”

“ಗುಡಿ ಆಚೆ ಹೊಲಕ್ಕ ಹೋಗ್ತೀವ್ರಿ. ಭಾಳ ದೂರ. ನೀವು ಕದಲೂದಿಲ್ಲ ಅಂದೀರಲ್ಲ? ನೀವು ಹೋದ್ರ ಸಾವಿರ ವರ್ಷದ ಚೂರು ಯಾರು ಕಾಯಬೇಕ್ರಿ?”

ವಾದಿರಾಜರು ಹಣೆಯ ಬೆವರು ಒರೆಸಿಕೊಂಡು ಚೂರನ್ನು ಮತ್ತೊಮ್ಮೆ ಎತ್ತಿ ನೋಡಿದರು. ಈ ಸಲ ವಿದ್ವತ್ತು ಬೇಗ ಕೆಲಸ ಮಾಡಿತು.

“ಇದು ಹೋದ ವರ್ಷದ್ದು. ತೋಡಿ!” ಎಂದವರೇ ಒಪ್ಪಿಗೆ ಪತ್ರಕ್ಕೆ ಸಹಿ ಗೀಚಿ ಜೀಪಿನತ್ತ ಓಡಿದರು.

ಫಕೀರವ್ವ ಬಾಗಿಲಿಗೆ ಬಂದು ಕೂಗಿದಳು: “ಮುಂದಿನ ಸಲ ನಿಂತು ಹೋಗ್ರಿ ಸಾಹೇಬ್ರ, ಎಲ್ಲಾ ಅನುಕೂಲ ಇರ್ತೈತಿ!”