ಮೂರೆಳೆಯ ತಂತಿ

“ಬುದ್ಧಿ, ಅಡುಗೆಯವರು ಯಾರೂ ನಿಲ್ಲುತ್ತಿಲ್ಲ. ನಾನು ಒಂದು ಮಾತು ಆಡಿದರೆ ಸಾಕು, ಗಂಟುಮೂಟೆ ಕಟ್ಟುತ್ತಾರೆ. ಈ ಸಲ ಯಾವ ಬೈಗುಳಕ್ಕೂ ಜಗ್ಗದ ಗಟ್ಟಿ ಆಳನ್ನೇ ಹುಡುಕಿ ತರಲೇ?” ಮಠದ ವಿದ್ಯಾರ್ಥಿನಿಲಯವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ ಕೇಳಿದ. ಅವನ ದನಿ ದಣಿದಿತ್ತು.

ಗುರುಗಳು ಹೇಳಿದರು:

ಫ್ಯೂಸ್ ತಂತಿ ಸುಟ್ಟರೆ, ಏಕೆ ಸುಟ್ಟಿತೆಂದು ತಿಳಿಯದೆ ಹೊಸದನ್ನು ಕಟ್ಟಬಾರದು. ಈ ನಿಯಮ ಗೊತ್ತಿಲ್ಲದವರಿಲ್ಲ. ಒಂದು ಹೆರಿಗೆ ಆಸ್ಪತ್ರೆಯಲ್ಲಿ ಗೊತ್ತಿದ್ದವರೇ ಅದನ್ನು ಮುರಿದರು.

ಕರೆಂಟು ಹೋದಾಗ ಅಲ್ಲಿ ಹೆರಿಗೆ ಕೋಣೆಯ ದೀಪ ಬ್ಯಾಟರಿಯಿಂದ ಉರಿಯಬೇಕು. ಬ್ಯಾಟರಿಯ ಚಾರ್ಜರಿನಲ್ಲಿ ಫ್ಯೂಸ್ ಸುಟ್ಟಿತು. ಒಬ್ಬ ರಿಪೇರಿಯವನು ಬಂದು ಹೊಸ ತಂತಿ ಕಟ್ಟಿದ. ಅದೂ ಸುಟ್ಟಿತು. ಇನ್ನೊಬ್ಬ ಎರಡೆಳೆ ಹೊಸೆದು ಕಟ್ಟಿದ. ಈಗ ಫ್ಯೂಸ್ ಸುಡದೆ ನಿಂತಿತು, ಆದರೆ ಚಾರ್ಜರಿನ ಪೆಟ್ಟಿಗೆ ಬಿಸಿಯೇರಿ ಸುಟ್ಟ ವಾಸನೆ ಬಂತು. ಆಯಾ ಕಿಟಕಿ ತೆರೆದಳು. ಯಾರೂ ಬೇರೇನೂ ಮಾಡಲಿಲ್ಲ. ಕೊನೆಗೆ ಎರಡೆಳೆಯೂ ಸುಟ್ಟಿತು.

ಮೂರನೆಯವನನ್ನು ಕರೆಸಿದರು. ಒಳಗೆ ಒಬ್ಬ ಹೆಂಗಸು ಹೆರಿಗೆ ನೋವಿನಲ್ಲಿದ್ದಳು. ಡಾಕ್ಟರಮ್ಮ ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನವಾಗಿತ್ತು.

“ಮೂರೆಳೆ ಕಟ್ಟಿಬಿಡಪ್ಪ. ಸಂಜೆ ಕರೆಂಟು ಹೋಗುತ್ತೆ.”

“ಮೂರೆಳೆ ಕಟ್ಟಿದ್ರೆ ಫ್ಯೂಸ್ ಸುಡಲ್ಲ ಡಾಕ್ಟರಮ್ಮ. ಪೆಟ್ಟಿಗೆ ಸುಡುತ್ತೆ. ಅದರ ಜೊತೆಗೆ ಕೋಣೆ.”

“ಮುಂಚೆ ಬಂದವರು ನಿಂತ ಕಾಲಲ್ಲೇ ಮುಗಿಸಿ ಹೋದ್ರು. ನೀನೊಬ್ಬ ಭಾಷಣ ಮಾಡ್ತೀಯ!”

“ಮುಗಿಸಿದ್ರೆ ನನ್ನ ಯಾಕೆ ಕರೆಸ್ತಿದ್ರಿ?”

ಅವನು ತಂತಿಯ ಸುರುಳಿಯನ್ನು ಚೀಲಕ್ಕೆ ಹಾಕಿದ. ಪ್ಲಗ್ ಕಿತ್ತು, ನೆಲದ ಮೇಲೆ ಕುಳಿತು, ಚಾರ್ಜರಿನ ಮುಚ್ಚಳ ಬಿಚ್ಚಿದ. ಒಂದೊಂದೇ ಭಾಗವನ್ನು ಬಿಡಿಸಿ ಮೀಟರ್ ಹಿಡಿದು ನೋಡಿದ. ಕರೆಂಟನ್ನು ಒಂದೇ ಕಡೆಗೆ ಬಿಡಬೇಕಾದ ಡಯೋಡ್ ಎರಡೂ ಕಡೆಗೆ ಬಿಡುತ್ತಿತ್ತು; ಫ್ಯೂಸ್ ಸುಡುತ್ತಿದ್ದುದು ಅದಕ್ಕೇ. ಅದನ್ನು ಕತ್ತರಿಸಿ ತೆಗೆದು, ಹೊಸದನ್ನು ಬೆಸುಗೆ ಹಾಕಿದ. ಫ್ಯೂಸಿಗೆ ಒಂದೇ ಎಳೆ ಕಟ್ಟಿದ. ಪ್ಲಗ್ ಹಾಕಿದಾಗ ಅದು ಸುಡದೆ ನಿಂತಿತು.

ಬ್ಯಾಟರಿ ತುಂಬುವ ಮೊದಲೇ ಕರೆಂಟು ಹೋಯಿತು. ಹೆರಿಗೆ ಟಾರ್ಚಿನ ಬೆಳಕಿನಲ್ಲೇ ಆಯಿತು. ತಾಯಿ, ಮಗು ಇಬ್ಬರೂ ಉಳಿದರು. ರಿಪೇರಿಯವನು ಚೀಲ ಎತ್ತಿಕೊಂಡು ಹೋದ.

ಶಿಷ್ಯ ಕೇಳಿದ: “ಮೊದಲಿನವರೂ ರಿಪೇರಿ ಬಲ್ಲವರೇ ಅಲ್ಲವೇ ಬುದ್ಧಿ? ಅವರು ಡಯೋಡನ್ನು ಏಕೆ ನೋಡಲಿಲ್ಲ?”

“ಅದು ಒಳಗಿತ್ತು. ಬದಲಿಸಲು ಸುಲಭವಾದದ್ದನ್ನೇ ಅವರು ಕೆಟ್ಟದ್ದು ಎಂದರು.”