ಅಯಸ್ಕಾಂತದ ನಡುವೆ ಹೊಕ್ಕ ಸುಳಿಗಳು

ಪಾದರಸದ ಕಾಲುವೆಯಲ್ಲಿ ಅಕ್ಕ ತಂಗಿಯರಾದ ಎರಡು ಸುಳಿಗಳು ಗದ್ದಲ ಮಾಡುತ್ತ ಸಾಗಿದ್ದವು. ದೊಡ್ಡ ಅಯಸ್ಕಾಂತದ ಎರಡು ದವಡೆಗಳ ನಡುವೆ ಹೊಕ್ಕದ್ದೇ ತಡ, ಅವುಗಳ ಮುಂದೆ ಸಾಗುತ್ತಿದ್ದ ಬೇರೆ ಸುಳಿಗಳೆಲ್ಲ ಸದ್ದಿಲ್ಲದೆ ಅಳಿದುಹೋದವು.

"ಅವರನ್ನೇನು ಮಾಡಿದೆ?" ಎಂದು ತಂಗಿ ಸುಳಿ ಕೇಳಿತು.

"ನಾನು ಯಾರನ್ನೂ ಮುಟ್ಟಲಿಲ್ಲ," ಎಂದಿತು ಅಯಸ್ಕಾಂತ. "ನನ್ನ ಸೆಳೆತಕ್ಕೆ ಅಡ್ಡಲಾಗಿ ತಿರುಗಿದವರನ್ನು ಅವರ ತಿರುಗಾಟ ಹುಟ್ಟಿಸಿದ ವಿದ್ಯುತ್ತೇ ಕಟ್ಟಿಹಾಕಿ ಕಾವಾಗಿ ಕರಗಿಸಿತು. ಸೆಳೆತದ ಗೆರೆಯನ್ನೇ ಅಚ್ಚು ಮಾಡಿಕೊಂಡು ತಿರುಗಿದವರು ಉಳಿಯುತ್ತಾರೆ."

"ನಾನು ಹುಟ್ಟಿದ ಹಾಗೆಯೇ ತಿರುಗುತ್ತೇನೆ," ಎಂದಿತು ಅಕ್ಕ ಸುಳಿ. ಜೋರಾಗಿ ತಿರುಗಿದಷ್ಟೂ ಹಿಡಿತ ಬಿಗಿಯಾಯಿತು. ಕೊನೆಗೆ ಅದರ ದನಿಯೂ ನಿಂತಿತು.

ತಂಗಿ ಹೆದರಿ, ಹೇಳಿದಂತೆ ವಾಲಿ ತಿರುಗಿ ಬದುಕಿತು. ಹೊರಬಂದಾಗ ಕಾಲುವೆ ಕನ್ನಡಿಯಂತೆ ನುಣ್ಣಗಿತ್ತು. "ಅಕ್ಕಾ!" ಎಂದು ಕೂಗಿತು. ಸುತ್ತಲ ಪಾದರಸ, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು.